ಮಳೆ ಲೆಕ್ಕದ ಪ್ರೋಗ್ರಾಂ ತಪ್ಪು ಮೊತ್ತ ಕೊಡುತ್ತಿದೆ, ಪೈಥಾನ್ ಬಲ್ಲವರು ಸ್ವಲ್ಪ ನೋಡಿ

ಬಾಳ್ಳುಪೇಟೆ ಬಿಸಿಎ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಬಿಸಿಎ ಓದುತ್ತಿದ್ದೇನೆ, ಊರು ಬಾಳ್ಳುಪೇಟೆ ಹತ್ತಿರ. ನಮ್ಮ ತೋಟದಲ್ಲಿ ತಾತನ ಕಾಲದಿಂದ ಮಳೆ ಪುಸ್ತಕ ಇದೆ. ದಿನಾ ಬೆಳಿಗ್ಗೆ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬಂತು ಅಂತ ಬರೆದಿಡುತ್ತಾರೆ. ಅದನ್ನು ಕಂಪ್ಯೂಟರಿಗೆ ಹಾಕಿ ತಿಂಗಳ ಮೊತ್ತ ತೆಗೆಯೋಣ ಅಂತ ಮಿನಿ ಪ್ರಾಜೆಕ್ಟ್ ಶುರು ಮಾಡಿದೆ. ಪ್ರೋಗ್ರಾಂ ಸರಿಯಾಗಿ ಬರುತ್ತಿಲ್ಲ. ಫೋನಲ್ಲಿ ಸ್ಕ್ರೀನಿನ ಫೋಟೋ ತೆಗೆದು ಹಾಕಿದ್ದೇನೆ. ಶುಕ್ರವಾರ ತೋರಿಸಬೇಕು, ಯಾರಾದರೂ ಸರಿ ಮಾಡಿಕೊಡಿ ಪ್ಲೀಸ್.

ಅರಸೀಕೆರೆ ಪ್ಯಾಸೆಂಜರ್

ಫೋಟೋದಲ್ಲಿ ಅರ್ಧ ಸಾಲು ಕಾಣಿಸುತ್ತಿಲ್ಲ, ಉಳಿದರ್ಧ ಮಸುಕು. ಸರಿಯಾಗಿ ಬರುತ್ತಿಲ್ಲ ಅಂದರೆ ಏನು ಅಂತಲೂ ಗೊತ್ತಾಗಲಿಲ್ಲ. ಮೊದಲು ಗೂಗಲ್ ಮಾಡಿ, ಆಮೇಲೆ ಕೇಳಿ.

ಗೊರೂರು ರಸ್ತೆ

ಪ್ಯಾಸೆಂಜರ್ ಅವರೇ, ಎರರ್ ಮೆಸೇಜಿನಲ್ಲಿ ಯಾವ ಪದ ಹಿಡಿದು ಹುಡುಕಬೇಕು ಅನ್ನೋದೇ ಹೊಸಬರಿಗೆ ಗೊತ್ತಿರುವುದಿಲ್ಲ ಅಲ್ವಾ? ಅದನ್ನು ಹೇಳಿಕೊಟ್ಟರೆ ಮುಂದಿನ ಸಲ ಅವರೇ ಹುಡುಕುತ್ತಾರೆ.

ತಂಗಿ, ಮೂರು ವಿಷಯ ಬರೆದು ಹಾಕಮ್ಮ. ಒಂದು, ನಿನ್ನ ಕೋಡ್. ಫೋಟೋ ಬೇಡ, ಕಾಪಿ ಮಾಡಿ ಅಕ್ಷರದಲ್ಲೇ ಹಾಕು, ಯಾಕೆಂದರೆ ಪೈಥಾನಿನಲ್ಲಿ ಸಾಲಿನ ಮುಂದೆ ಎಷ್ಟು ಜಾಗ ಬಿಟ್ಟಿದ್ದೀಯ ಅನ್ನೋದಕ್ಕೂ ಅರ್ಥ ಇದೆ, ಫೋಟೋದಲ್ಲಿ ಅದು ತಿಳಿಯುವುದಿಲ್ಲ, ಮತ್ತೆ ಫೋಟೋದಿಂದ ನಾವು ನಮ್ಮ ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದಕ್ಕೂ ಆಗುವುದಿಲ್ಲ. ಎರಡು, ಏನು ಉತ್ತರ ಬರಬೇಕಿತ್ತು. ಮೂರು, ನಿಜವಾಗಿ ಏನು ಬಂತು. ಎರರ್ ಬಂದಿದ್ದರೆ ಅದನ್ನು ಒಂದಕ್ಷರ ಬಿಡದೆ ಪೂರ್ತಿ ಹಾಕು. ಇಡೀ ಪ್ರಾಜೆಕ್ಟ್ ಬೇಕಾಗಿಲ್ಲ. ಎರಡು ದಿನದ ಮಳೆ ಮಾತ್ರ ಕೂಡಿಸುವ ಪುಟ್ಟ ತುಂಡು ಸಾಕು.

ವಾಟ್ಸಾಪಿನಲ್ಲಿ ಕೋಡ್ ಕಳಿಸುವವರಿಗೂ ಒಂದು ಮಾತು. ಕೋಡಿನ ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ ಹಾಕಿ, ಅಕ್ಷರಗಳೆಲ್ಲ ಒಂದೇ ಅಗಲದಲ್ಲಿ ಬಂದು ಓದಲು ಸುಲಭ. ಹಾಗೇ ವರ್ಡ್‌ನಲ್ಲಿ ಕೋಡ್ ಬರೆಯಬೇಡಿ. ಅದು ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆ ಮಾಡಿಬಿಡುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ ತರಹ ಕಂಡರೂ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ.

ಬಾಳ್ಳುಪೇಟೆ ಬಿಸಿಎ

ಸರಿ ಅಣ್ಣ. ವೇರಿಯಬಲ್ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ. ಮೊದಲು ಹೀಗೆ ಬರೆದಿದ್ದೆ:

ಒಟ್ಟು = 0

ಆಮೇಲೆ ಒಂದು ಫಾರ್ ಲೂಪ್. ಅದರ ಒಳಗೆ ಇನ್‌ಪುಟ್ ಫಂಕ್ಷನ್ನಿನಿಂದ ಮಳೆ ತೆಗೆದುಕೊಂಡು:

ಒಟ್ಟು = ಒಟ್ಟು + ಮಳೆ

ಆಗ ಟೈಪ್ ಎರರ್ ಬಂತು. ಅನ್‌ಸಪೋರ್ಟೆಡ್ ಆಪರೆಂಡ್ ಟೈಪ್ಸ್ ಅಂತ ಇತ್ತು, ಇಂಟ್ ಮತ್ತು ಎಸ್‌ಟಿಆರ್ ಅಂತಲೂ ಇತ್ತು. ಕ್ಲಾಸಿನ ಒಬ್ಬರು ಸೊನ್ನೆ ಬದಲು ಖಾಲಿ ಉದ್ಧರಣ ಚಿಹ್ನೆ ಹಾಕು ಅಂದರು. ಹಾಕಿದೆ, ಎರರ್ ಹೋಯಿತು. ಈಗ 1.20 ಮತ್ತು 0.85 ಕೊಟ್ಟರೆ 2.05 ಬರಬೇಕು, 1.200.85 ಅಂತ ಬರುತ್ತಿದೆ.

ಗೊರೂರು ರಸ್ತೆ

ಎಷ್ಟು ಚೆನ್ನಾಗಿ ಬರೆದಿದ್ದೀಯ ನೋಡು. ಈ ನಾಲ್ಕು ಸಾಲು ಓದಿದರೆ ಇಲ್ಲಿರುವ ಯಾರು ಬೇಕಾದರೂ ಕಾರಣ ಹೇಳಬಹುದು. ಆದರೆ ಸ್ವಲ್ಪ ಹೊತ್ತು ಯಾರೂ ಹೇಳಬೇಡಿ, ದಯವಿಟ್ಟು.

ತಂಗಿ, ಇನ್‌ಪುಟ್ ಇರುವ ಸಾಲಿನ ಕೆಳಗೆ, ಲೂಪಿನ ಒಳಗೇ ಇನ್ನೊಂದು ಸಾಲು ಸೇರಿಸು. ಟೈಪ್ ಅನ್ನುವ ಫಂಕ್ಷನ್ನಿಗೆ ಮಳೆಯನ್ನು ಕೊಟ್ಟು ಪ್ರಿಂಟ್ ಮಾಡು. ಏನು ಬರುತ್ತದೆ ಹೇಳು.

ಅರಸೀಕೆರೆ ಪ್ಯಾಸೆಂಜರ್

ಫ್ಲೋಟ್ ಹಾಕು, ಅಂದರೆ ದಶಮಾಂಶ ಸಂಖ್ಯೆ ಮಾಡು, ಅಂತ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಶುಕ್ರವಾರ ತೋರಿಸಬೇಕು ಅಂತಿದ್ದಾರೆ, ಯಾಕೆ ಸುತ್ತಿಸುತ್ತೀರಿ?

ಲ್ಯಾಬ್ ಮೇಡಂ, ಚಿಕ್ಕಮಗಳೂರು

ಪ್ಯಾಸೆಂಜರ್, ನಿಮ್ಮ ಅವಸರ ಅರ್ಥವಾಗುತ್ತದೆ. ನಾನು ಲ್ಯಾಬಿನಲ್ಲಿ ದಿನಾ ನೋಡುವುದನ್ನು ಹೇಳುತ್ತೇನೆ. ಒಂದೇ ಮಾತಿನ ಉತ್ತರ ಸಿಕ್ಕ ಮಗು ಅದನ್ನು ಹಾಕುತ್ತದೆ, ಪ್ರೋಗ್ರಾಂ ಓಡುತ್ತದೆ, ರೆಕಾರ್ಡಿಗೆ ಸಹಿ ಆಗುತ್ತದೆ. ಮುಂದಿನ ವಾರ ಅದೇ ತಪ್ಪು ಬೇರೆ ವೇಷದಲ್ಲಿ ಬಂದಾಗ ಮತ್ತೆ ಕೈ ಎತ್ತುತ್ತದೆ. ಈ ಹುಡುಗಿಗೆ ಕ್ಲಾಸಿನವರು ಕೊಟ್ಟಿದ್ದೂ ಒಂದೇ ಮಾತಿನ ಉತ್ತರವೇ, ಖಾಲಿ ಚಿಹ್ನೆ ಹಾಕು ಅಂತ. ಅದರಿಂದ ಆಗಿದ್ದೇನು? ತಪ್ಪು ಎಲ್ಲಿದೆ ಅಂತ ತೋರಿಸುತ್ತಿದ್ದ ಎರರ್ ಮಾಯವಾಯಿತು, ತಪ್ಪು ಉತ್ತರ ಉಳಿಯಿತು. ಎರರ್ ಬಂದು ನಿಂತುಹೋದ ಪ್ರೋಗ್ರಾಮಿಗಿಂತ ಸುಮ್ನೆ ತಪ್ಪು ಮೊತ್ತ ಕೊಡುವ ಪ್ರೋಗ್ರಾಂ ಜಾಸ್ತಿ ಅಪಾಯ. ಇಲ್ಲಿ 1.200.85 ಅಂತ ವಿಚಿತ್ರವಾಗಿ ಬಂದಿದ್ದಕ್ಕೆ ಗೊತ್ತಾಯಿತು. 12 ಮತ್ತು 30 ಕೂಡಿಸಿ 1230 ಅಂತ ಬಂದಿದ್ದರೆ, ಎಷ್ಟೋ ಜನ ಮಳೆ ಜೋರಾಗಿತ್ತು ಅಂದುಕೊಂಡು ಮುಂದೆ ಹೋಗುತ್ತಿದ್ದರು.

ಬಾಳ್ಳುಪೇಟೆ ಬಿಸಿಎ

ಕ್ಲಾಸ್ ಎಸ್‌ಟಿಆರ್ ಅಂತ ಬಂತು ಅಣ್ಣ. ಅಂದರೆ ಸ್ಟ್ರಿಂಗ್ ಅಲ್ವಾ? ನಾನು ಟೈಪ್ ಮಾಡಿದ್ದು ನಂಬರ್, ಆದರೂ ಅದು ಅಕ್ಷರ ಅಂದುಕೊಂಡಿದೆ. ಅದಕ್ಕೇ ಎರಡನ್ನೂ ಪಕ್ಕಪಕ್ಕ ಅಂಟಿಸಿದೆ! ಈಗ ಇನ್‌ಪುಟ್ ಅನ್ನು ಫ್ಲೋಟ್ ಒಳಗೆ ಹಾಕಿ, ಒಟ್ಟು ಅನ್ನು ಮತ್ತೆ ಸೊನ್ನೆ ಮಾಡಿದೆ. ಸರಿ ಬಂತು!

ಗೊರೂರು ರಸ್ತೆ

ಅಷ್ಟೇ ಕಣಮ್ಮ. ಪೈಥಾನ್ 3ರಲ್ಲಿ ಇನ್‌ಪುಟ್ ಯಾವಾಗಲೂ ಸ್ಟ್ರಿಂಗ್ ಕೊಡುತ್ತದೆ. ಪೈಥಾನ್ 2ರಲ್ಲಿ ಹಾಗಿರಲಿಲ್ಲ, ಅಲ್ಲಿ ನಂಬರ್ ಟೈಪ್ ಮಾಡಿದರೆ ನಂಬರೇ ಬರುತ್ತಿತ್ತು. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೇ ನಿಂತಿತು, ಆದರೆ ಅದರ ಕಾಲದ ನೋಟ್ಸ್ ಇನ್ನೂ ಜೆರಾಕ್ಸ್ ಅಂಗಡಿಗಳಲ್ಲಿ ಓಡಾಡುತ್ತಿದೆ. ಪ್ರಿಂಟ್ ಮುಂದೆ ಆವರಣ ಚಿಹ್ನೆ ಇಲ್ಲದ ಪ್ರೋಗ್ರಾಂ ಕಂಡರೆ ಅದು ಹಳೆಯದು ಅಂತ ತಿಳಿದುಕೊಳ್ಳಿ.

ಎರರ್ ಓದುವುದನ್ನೂ ಈಗಲೇ ಹೇಳಿಬಿಡುತ್ತೇನೆ. ಪೈಥಾನಿನ ಎರರನ್ನು ಕೆಳಗಿನಿಂದ ಓದಬೇಕು. ಕೊನೆಯ ಸಾಲಿನಲ್ಲಿ ಏನಾಯಿತು ಅಂತ ಇರುತ್ತದೆ, ಅದರ ಮೇಲೆ ಎಲ್ಲಿ ಆಯಿತು ಅಂತ ಸಾಲಿನ ನಂಬರ್ ಇರುತ್ತದೆ. ಮೇಲೆ ಉದ್ದಕ್ಕೆ ಏನೇನೋ ಫೈಲುಗಳ ಹೆಸರು ಇದ್ದರೆ ಹೆದರಬೇಡ. ಅದರಲ್ಲಿ ನೀನು ಬರೆದ ಫೈಲಿನ ಹೆಸರು ಹುಡುಕು, ಅಲ್ಲಿಂದ ಶುರು ಮಾಡು.

ಮೂಡಿಗೆರೆ ಡಿಪ್ಲೊಮಾ

ಸರ್, ಸಿ ಭಾಷೆಗೂ ಇದೇನಾ? ನನಗೆ ಒಂದೇ ಪ್ರೋಗ್ರಾಮಿಗೆ ಸ್ಕ್ರೀನ್ ತುಂಬ ಎರರ್ ಬಂದಿದೆ. ನೋಡಿದರೆ ಕೈಕಾಲು ಆಡುವುದಿಲ್ಲ.

ಗೊರೂರು ರಸ್ತೆ

ಸಿ ಭಾಷೆಗೆ ಉಲ್ಟಾ ತಮ್ಮ. ಕಂಪೈಲರ್ ಕೊಡುವ ಎರರ್‌ಗಳಲ್ಲಿ ಮೊಟ್ಟಮೊದಲನೆಯದನ್ನು ಮಾತ್ರ ನೋಡು. ಎಲ್ಲೋ ಒಂದು ಸೆಮಿಕೋಲನ್ ಬಿಟ್ಟಿದ್ದರೆ ಅದರ ದೆಸೆಯಿಂದ ಕೆಳಗಿನ ಎಷ್ಟೋ ಸಾಲು ಕಂಪೈಲರಿಗೆ ಅರ್ಥವಾಗುವುದಿಲ್ಲ. ಮೊದಲನೆಯದನ್ನು ಸರಿ ಮಾಡು, ಮತ್ತೆ ಕಂಪೈಲ್ ಮಾಡು, ಸುಮಾರು ಎರರ್ ತಾನಾಗೇ ಹೋಗುತ್ತದೆ. ಒಂದೊಂದು ಸಲ ತಪ್ಪು ಇರುವುದು ಅದು ತೋರಿಸಿದ ಸಾಲಿನಲ್ಲಿ ಅಲ್ಲ, ಅದರ ಹಿಂದಿನ ಸಾಲಿನಲ್ಲಿ. ಜಿಸಿಸಿ ಬಳಸುತ್ತಿದ್ದರೆ ವಾರ್ನಿಂಗ್‌ಗಳನ್ನೂ ತೋರಿಸುವ ಹಾಗೆ ಇಟ್ಟುಕೋ. ಸ್ಕ್ಯಾನ್‌ಎಫ್‌ನಲ್ಲಿ ವೇರಿಯಬಲ್ ಮುಂದೆ ಆಂಪರ್ಸೆಂಡ್ (&) ಮರೆತರೆ ಕಂಪೈಲ್ ಆಗಿಬಿಡಬಹುದು, ಆಮೇಲೆ ಓಡಿಸುವಾಗ ಸೆಗ್ಮೆಂಟೇಶನ್ ಫಾಲ್ಟ್ ಅಂತ ಸತ್ತುಹೋಗುತ್ತದೆ. ವಾರ್ನಿಂಗ್ ಅದನ್ನು ಮುಂಚೆಯೇ ಹೇಳುತ್ತದೆ.

ಮೂಡಿಗೆರೆ ಡಿಪ್ಲೊಮಾ

ಸೆಮಿಕೋಲನ್ನೇ ಬಿಟ್ಟಿತ್ತು ಸರ್. ಈಗ ಕಂಪೈಲ್ ಆಯಿತು. ಇನ್ನೊಂದು ಕೇಳಲಾ? ವಯಸ್ಸು ತೆಗೆದುಕೊಂಡ ಮೇಲೆ ಹೌದು, ಇಲ್ಲ ಅನ್ನೋದಕ್ಕೆ ಒಂದಕ್ಷರ ಕೇಳುತ್ತೇನೆ. ಅಲ್ಲಿ ನಿಲ್ಲುವುದೇ ಇಲ್ಲ, ಹಾಗೇ ಮುಂದೆ ಹೋಗುತ್ತದೆ.

ಲ್ಯಾಬ್ ಮೇಡಂ, ಚಿಕ್ಕಮಗಳೂರು

ಇದು ಪ್ರತಿ ಬ್ಯಾಚಿನಲ್ಲೂ ಬರುವ ಪ್ರಶ್ನೆ. ವಯಸ್ಸು ಟೈಪ್ ಮಾಡಿದ ಮೇಲೆ ಎಂಟರ್ ಒತ್ತುತ್ತೀಯಲ್ಲ, ಆ ಎಂಟರ್ ಕೂಡ ಒಂದು ಅಕ್ಷರವೇ. ಮೊದಲ ಸ್ಕ್ಯಾನ್‌ಎಫ್ ಅಂಕಿಯನ್ನು ಮಾತ್ರ ತೆಗೆದುಕೊಂಡು ಎಂಟರನ್ನು ಅಲ್ಲೇ ಬಿಡುತ್ತದೆ. ಎರಡನೆಯದು ಅಕ್ಷರ ಬೇಕು ಅಂತ ಕಾಯುತ್ತಿರುತ್ತದೆ, ಉಳಿದ ಎಂಟರನ್ನೇ ತೆಗೆದುಕೊಂಡು ಮುಂದೆ ಹೋಗುತ್ತದೆ. ಪರ್ಸೆಂಟ್ ಸಿ (%c) ಮುಂದೆ ಒಂದು ಖಾಲಿ ಜಾಗ ಬಿಡು ಮಗಾ. ಉಳಿದ ಎಂಟರು, ಖಾಲಿ ಜಾಗ ಎಲ್ಲವನ್ನೂ ದಾಟಿಕೊಂಡು ನಿಜವಾದ ಅಕ್ಷರಕ್ಕೆ ಕಾಯುತ್ತದೆ.

ಬಾಳ್ಳುಪೇಟೆ ಬಿಸಿಎ

ಮತ್ತೆ ನಾನೇ. ಎರಡು ಸಮಸ್ಯೆ. 0.10 ಮತ್ತು 0.20 ಕೂಡಿಸಿದರೆ 0.30000000000000004 ಅಂತ ಬರುತ್ತಿದೆ. ಈ ಬಾಲ ಎಲ್ಲಿಂದ ಬಂತು? ಇನ್ನೊಂದು, ಪುಸ್ತಕದಲ್ಲಿ ಕೆಲವು ದಿನ ಗೆರೆ ಎಳೆದಿದ್ದಾರೆ, ಕೆಲವು ದಿನ ಖಾಲಿ ಬಿಟ್ಟಿದ್ದಾರೆ. ಖಾಲಿ ಬಿಟ್ಟು ಎಂಟರ್ ಒತ್ತಿದರೆ ವ್ಯಾಲ್ಯೂ ಎರರ್ ಬಂತು. ಕೊನೆಯ ಸಾಲು ಓದಿದೆ, ಸ್ಟ್ರಿಂಗನ್ನು ಫ್ಲೋಟ್ ಮಾಡಲು ಆಗಲಿಲ್ಲ ಅಂತ ಇದೆ. ಖಾಲಿಯನ್ನು ನಂಬರ್ ಮಾಡಲು ಹೋಗಿದೆ ಅಂತ ಅರ್ಥವಾಯಿತು. ಎರಡಕ್ಕೂ ಸೊನ್ನೆ ಹಾಕಿಬಿಡಲಾ?

ಆಲ್ದೂರು ತೋಟ

ಅಮ್ಮಾ, ನನಗೆ ಕಂಪ್ಯೂಟರ್ ಗೊತ್ತಿಲ್ಲ, ಮಗ ಈ ಚರ್ಚೆ ತೋರಿಸಿದ. ಆದರೆ ಮಳೆ ಪುಸ್ತಕ ಗೊತ್ತು. ಸೊನ್ನೆ ಹಾಕಬೇಡ. ನಮ್ಮಲ್ಲಿ ಗೆರೆ ಎಳೆದರೆ ಆ ದಿನ ಮಳೆ ಬರಲಿಲ್ಲ ಅಂತ. ಖಾಲಿ ಬಿಟ್ಟರೆ ಅವತ್ತು ಯಾರೂ ಅಳತೆ ನೋಡಲಿಲ್ಲ ಅಂತ. ಮನೆಯಲ್ಲಿ ಮದುವೆಯೋ ಸಾವೋ ಇದ್ದಿರಬಹುದು, ಮರ ಬಿದ್ದು ಅಳತೆ ಡಬ್ಬ ಮುರಿದಿರಬಹುದು. ಜುಲೈ ತಿಂಗಳಲ್ಲಿ ಖಾಲಿ ಬಿಟ್ಟ ದಿನವೇ ನಾಲ್ಕು ಇಂಚು ಹೊಡೆದಿರಬಹುದು, ಅದನ್ನು ಸೊನ್ನೆ ಅಂತ ಬರೆದರೆ ಪುಸ್ತಕಕ್ಕೆ ಬೆಲೆ ಇಲ್ಲ. ಕಾಫಿ ಹೂ ಬಿಡಿಸುವ ಹೂಮಳೆ ಲೆಕ್ಕದಲ್ಲಂತೂ ಇದು ಬಹಳ ಮುಖ್ಯ. ಮಾರ್ಚ್, ಏಪ್ರಿಲ್‌ನಲ್ಲಿ ಯಾವ ದಿನ ಎಷ್ಟು ಸೆಂಟ್ ಬಂತು, ಆಮೇಲೆ ಅದರ ಹಿಂದೆ ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಸಿಕ್ಕಿತು ಅಂತ ನೋಡಿಯೇ ನಾವು ಆ ವರ್ಷದ ಫಸಲು ಅಂದಾಜು ಮಾಡುವುದು.

ಇನ್ನೊಂದು ಕೇಳುತ್ತೇನೆ. ನಿಮ್ಮ ಪುಸ್ತಕದಲ್ಲಿ ಒಂದು ಇಂಚು ಐದು ಸೆಂಟನ್ನು ಹೇಗೆ ಬರೆದಿದ್ದಾರೆ? ನಮ್ಮ ಮನೆಯ ಹಳೆಯ ಪುಸ್ತಕದಲ್ಲಿ ಅದನ್ನು 1.5 ಅಂತಲೇ ಬರೆದಿದ್ದಾರೆ. ಒಂದು ಇಂಚಿಗೆ ನೂರು ಸೆಂಟ್. ನಿನ್ನ ಯಂತ್ರ ಅದನ್ನು ಒಂದೂವರೆ ಇಂಚು ಅಂದುಕೊಳ್ಳುತ್ತದೆ, ನಲವತ್ತೈದು ಸೆಂಟ್ ಜಾಸ್ತಿ.

ಗೊರೂರು ರಸ್ತೆ

ಯಜಮಾನರೇ, ನಮಸ್ಕಾರ. ಇದನ್ನು ನಮ್ಮಲ್ಲಿ ಯಾರೂ ಹೇಳಲು ಸಾಧ್ಯವಿರಲಿಲ್ಲ. ತಂಗಿ, ಅವರು ಹೇಳಿದ್ದನ್ನು ಹಾಗೇ ತೆಗೆದುಕೋ. ಗೆರೆಗೆ ಸೊನ್ನೆ, ಖಾಲಿಗೆ ನನ್ (None). ಪೈಥಾನಿನಲ್ಲಿ ಬೆಲೆಯೇ ಇಲ್ಲ ಅಂತ ತೋರಿಸುವುದಕ್ಕೆ ಅಂತಲೇ ನನ್ ಇದೆ. ಕೂಡಿಸುವಾಗ ಅದನ್ನು ಬಿಟ್ಟು ಕೂಡಿಸು, ಆದರೆ ತಿಂಗಳಲ್ಲಿ ಎಷ್ಟು ದಿನ ಅಳತೆ ಇಲ್ಲ ಅಂತ ಬೇರೆಯಾಗಿ ಎಣಿಸಿ ಮೊತ್ತದ ಪಕ್ಕದಲ್ಲೇ ತೋರಿಸು.

ಬಾಲದ ವಿಷಯ. ಕಂಪ್ಯೂಟರ್ ಫ್ಲೋಟನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ನಾವು ಹತ್ತರ ಲೆಕ್ಕದಲ್ಲಿ ಮೂರನೇ ಒಂದನ್ನು 0.333 ಅಂತ ಎಷ್ಟು ಬರೆದರೂ ಮುಗಿಯುವುದಿಲ್ಲ ಅಲ್ವಾ, ಹಾಗೆ ಎರಡರ ಲೆಕ್ಕದಲ್ಲಿ ಹತ್ತನೇ ಒಂದು ಮುಗಿಯುವುದಿಲ್ಲ. ಎಲ್ಲೋ ಕತ್ತರಿಸಲೇಬೇಕು, ಆ ಕತ್ತರಿಸಿದ ಚೂರು ಬಾಲವಾಗಿ ಕಾಣಿಸುತ್ತದೆ. ಇದು ಪೈಥಾನಿನ ದೋಷ ಅಲ್ಲ. ಜಾವಾದಲ್ಲೂ ಸಿ ಭಾಷೆಯಲ್ಲೂ ಹೀಗೇ.

ನಿನಗೆ ಇಲ್ಲಿ ಒಳ್ಳೆಯ ದಾರಿ ಇದೆ. ಇಂಚು ಬಿಟ್ಟು ಎಲ್ಲವನ್ನೂ ಸೆಂಟಿನಲ್ಲಿ ಪೂರ್ಣಸಂಖ್ಯೆಯಾಗಿ ಇಟ್ಟುಕೋ. 1.20 ಅಂದರೆ 120. ಕೂಡಿಸುವುದೆಲ್ಲ ಇಂಟ್‌ನಲ್ಲಿ, ತೋರಿಸುವಾಗ ಮಾತ್ರ ನೂರರಿಂದ ಭಾಗಿಸು. ಹುಷಾರಾಗಿರಬೇಕಾದ್ದು ಒಂದಿದೆ. 0.29 ಅನ್ನು ಫ್ಲೋಟ್ ಮಾಡಿ ನೂರರಿಂದ ಗುಣಿಸಿದರೆ 28.999999999999996 ಬರುತ್ತದೆ. ಅದನ್ನು ಇಂಟ್ ಮಾಡಿದರೆ 28. ಒಂದು ಸೆಂಟ್ ಹೋಯಿತು. ಅದಕ್ಕೆ ಫ್ಲೋಟ್ ದಾರಿಗೇ ಹೋಗಬೇಡ. ಬಂದ ಸ್ಟ್ರಿಂಗನ್ನು ಚುಕ್ಕಿಯ ಹತ್ತಿರ ಸ್ಪ್ಲಿಟ್ ಮಾಡು, ಎಡಗಡೆಯದು ಇಂಚು, ಬಲಗಡೆಯದು ಸೆಂಟ್.

ಅರಸೀಕೆರೆ ಪ್ಯಾಸೆಂಜರ್

ಆಲ್ದೂರಿನ ಯಜಮಾನರು ಹೇಳಿದ್ದು ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ಫ್ಲೋಟ್ ಹಾಕು ಅಂದು ಮುಗಿಸಿದ್ದರೆ ಈ ಹುಡುಗಿ ಶುಕ್ರವಾರ ತಪ್ಪು ಮೊತ್ತವನ್ನೇ ಧೈರ್ಯವಾಗಿ ತೋರಿಸುತ್ತಿದ್ದಳು. ಆದರೆ ನನ್ನ ತಕರಾರು ಪೂರ್ತಿ ಬಿಡುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಪ್ರಶ್ನೆಪತ್ರಿಕೆಯನ್ನೇ ಫೋಟೋ ತೆಗೆದು ಹಾಕಿ ಪ್ರೋಗ್ರಾಂ ಬರೆದುಕೊಡಿ ಅನ್ನುತ್ತಾರೆ. ಒಂದು ಸಾಲೂ ತಾವು ಬರೆದಿರುವುದಿಲ್ಲ. ಅಂಥವರಿಗೂ ಇಷ್ಟೇ ತಾಳ್ಮೆಯಿಂದ ಹೇಳಬೇಕಾ? ಈಗ ಎಐ ಬೇರೆ ಇದೆ, ಕೇಳಿದರೆ ಅರೆಕ್ಷಣದಲ್ಲಿ ಪೂರ್ತಿ ಬರೆದುಕೊಡುತ್ತದೆ. ಇಲ್ಲಿ ಯಾಕೆ ಬರಬೇಕು?

ಲ್ಯಾಬ್ ಮೇಡಂ, ಚಿಕ್ಕಮಗಳೂರು

ಬರೆದುಕೊಡಿ ಅನ್ನುವವರಿಗೆ ಬರೆದುಕೊಡಬೇಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೈದೂ ಕಳಿಸಬೇಡಿ. ಎಲ್ಲಿಯವರೆಗೆ ಯೋಚಿಸಿದ್ದೀಯ ಅಂತ ಒಂದು ಪ್ರಶ್ನೆ ಕೇಳಿ. ಕೆಲವರು ಮಾಯವಾಗುತ್ತಾರೆ, ಕೆಲವರು ಮೂರು ಸಾಲು ಬರೆದುಕೊಂಡು ಬರುತ್ತಾರೆ. ಆ ಮೂರು ಸಾಲು ತಂದವರ ಜೊತೆ ಕೂರಿ.

ಎಐ ಬಗ್ಗೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಲ್ಯಾಬ್ ರೆಕಾರ್ಡುಗಳೆಲ್ಲ ಅಂದವಾಗಿವೆ, ವೈವಾದಲ್ಲಿ ಮಾತ್ರ ಮಾತು ಬರುವುದಿಲ್ಲ. ನಾನು ಬಳಸಬೇಡಿ ಅನ್ನುವುದಿಲ್ಲ. ಎರರನ್ನು ಕೊಟ್ಟು ಕನ್ನಡದಲ್ಲಿ ವಿವರಿಸು ಅಂತ ಕೇಳಿ, ಒಳ್ಳೆಯ ಉಪಯೋಗ. ಅದು ಹೇಳಿದ್ದನ್ನು ನೀವೇ ಟೈಪ್ ಮಾಡಿ, ಒಂದು ಸಾಲು ತೆಗೆದರೆ ಏನಾಗುತ್ತದೆ ಅಂತ ನೋಡಿ. ಆದರೆ ಖಾಲಿ ಬಿಟ್ಟ ದಿನಕ್ಕೂ ಗೆರೆ ಎಳೆದ ದಿನಕ್ಕೂ ಈ ತೋಟದಲ್ಲಿ ಏನು ವ್ಯತ್ಯಾಸ ಅಂತ ಅದಕ್ಕೆ ಯಾರು ಹೇಳಬೇಕು?

ಇನ್ನೊಂದು ಮನಸ್ಸಿನಲ್ಲಿರುವ ಮಾತು. ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ ಬಂದ ಹೆಣ್ಣುಮಕ್ಕಳು ಪ್ರಶ್ನೆ ಕೇಳುವುದು ಬಹಳ ಕಡಿಮೆ. ಇಂಗ್ಲಿಷ್ ತಪ್ಪಾದರೆ ಅಂತ, ನಗುತ್ತಾರೆ ಅಂತ. ಒಬ್ಬರಿಗೆ ಇಲ್ಲಿ ಗೂಗಲ್ ಮಾಡಿ ಅಂತ ಉತ್ತರ ಬಂದರೆ ಅದನ್ನು ಓದುತ್ತಿರುವ ಇನ್ನೂ ಎಷ್ಟೋ ಜನ ತಮ್ಮ ಪ್ರಶ್ನೆಯನ್ನು ಅಳಿಸಿಹಾಕುತ್ತಾರೆ. ನನಗೆ ಅದು ನೋವು ಕೊಡುತ್ತದೆ. ಕನ್ನಡದಲ್ಲೇ ಕೇಳಿ. ಎರರ್ ಮೆಸೇಜ್ ಮಾತ್ರ ಬಂದ ಹಾಗೇ ಹಾಕಿ, ಅನುವಾದ ಮಾಡಬೇಡಿ, ಹುಡುಕುವುದಕ್ಕೆ ಅದೇ ಬೇಕು.

ಅರಸೀಕೆರೆ ಪ್ಯಾಸೆಂಜರ್

ಒಪ್ಪಿದೆ ಮೇಡಂ. ಬಾಳ್ಳುಪೇಟೆಯವರೇ, ನಾನೂ ಒಂದು ಉಪಯೋಗದ ವಿಷಯ ಹೇಳುತ್ತೇನೆ. ಮುಂದೆ ದಿನಾ ಟೈಪ್ ಮಾಡುವುದು ಬಿಟ್ಟು ಫೈಲಿನಿಂದ ಓದುತ್ತೀರಿ. ತಿಂಗಳ ಹೆಸರು ಕನ್ನಡದಲ್ಲಿದ್ದರೆ ವಿಂಡೋಸ್‌ನಲ್ಲಿ ಯೂನಿಕೋಡ್ ಡಿಕೋಡ್ ಎರರ್ ಬರಬಹುದು, ಇಲ್ಲವೇ ಅಕ್ಷರವೆಲ್ಲ ಕಲಸಿಹೋಗಿ ಕಾಣಿಸಬಹುದು. ಫೈಲ್ ಓಪನ್ ಮಾಡುವಾಗಲೇ ಎನ್‌ಕೋಡಿಂಗ್ ಯುಟಿಎಫ್ 8 ಅಂತ ಕೊಡಿ. ನೀವು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಕೆಟ್ಟು ಕಾಣಿಸಿದರೆ, ಬರೆಯುವಾಗ ಯುಟಿಎಫ್ 8 ಸಿಗ್ (utf-8-sig) ಅನ್ನುವ ಎನ್‌ಕೋಡಿಂಗ್ ಬಳಸಿ.

ಕನ್ನಡ ಹೆಸರಿನ ವೇರಿಯಬಲ್ ಪೈಥಾನ್ 3ರಲ್ಲಿ ನಡೆಯುತ್ತದೆ, ಚೆನ್ನಾಗಿದೆ. ಆದರೆ ಹೆಸರಿನ ಮಧ್ಯೆ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಅಕ್ಷರ ಸೇರಿದರೆ ಎರರ್ ಬರುತ್ತದೆ. ಸಾಫ್ಟ್‌ವೇರ್ ಅಂತ ಬರೆಯುವಾಗ ಅದು ನಡುವೆ ಬರುತ್ತದೆ. ಮಳೆ, ಒಟ್ಟು, ದಿನ, ಇಂಥ ಹೆಸರುಗಳಿಗೆ ಏನೂ ತೊಂದರೆ ಇಲ್ಲ.

ಬಾಳ್ಳುಪೇಟೆ ಬಿಸಿಎ

ಥ್ಯಾಂಕ್ಸ್ ಅಣ್ಣ. ಎನ್‌ಕೋಡಿಂಗ್ ಹಾಕಿದೆ, ಕನ್ನಡ ಸರಿಯಾಗಿ ಬಂತು. ಆದರೆ ಊರಿನ ಹೆಸರು ಮತ್ತು ಮೊತ್ತವನ್ನು ಕಾಲಂನಲ್ಲಿ ಜೋಡಿಸಿದರೆ ಸೊಟ್ಟಗೆ ಬರುತ್ತಿದೆ. ಚಿಕ್ಕಮಗಳೂರು ಅನ್ನುವುದರ ಉದ್ದ ಲೆನ್ ಫಂಕ್ಷನ್ನಿನಲ್ಲಿ ನೋಡಿದರೆ 11 ಅನ್ನುತ್ತದೆ. ನಾನು ಎಣಿಸಿದರೆ ಆರೇ ಅಕ್ಷರ.

ಗೊರೂರು ರಸ್ತೆ

ಎರಡೂ ಸರಿ. ಪೈಥಾನ್ ಯೂನಿಕೋಡಿನ ತುಂಡುಗಳನ್ನು ಎಣಿಸುತ್ತದೆ. ಚಿ ಅಂದರೆ ಚ ಒಂದು, ಗುಡಿಸು ಒಂದು. ಕ್ಕ ಅಂದರೆ ಕ, ಅದನ್ನು ಅರ್ಧ ಮಾಡುವ ಚಿಹ್ನೆ, ಮತ್ತೊಂದು ಕ, ಒಟ್ಟು ಮೂರು. ಮ, ಗ ಒಂದೊಂದು, ಳೂ ಮತ್ತು ರು ಎರಡೆರಡು. ಕೂಡಿಸಿ ನೋಡು, 11. ಸ್ಕ್ರೀನಿನ ಮೇಲೆ ಜೋಡಿಸುವುದಕ್ಕೆ ಈ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಅದರ ಜೊತೆ ಗುದ್ದಾಡಬೇಡ, ಸಿಎಸ್‌ವಿ ಮಾಡಿ ಎಕ್ಸೆಲ್‌ನಲ್ಲಿ ತೋರಿಸು. ಕಾಲಂ ಅಲ್ಲಿ ನೆಟ್ಟಗೆ ಬರುತ್ತದೆ.

ಒಂದು ತಿಂಗಳದ್ದನ್ನು ಕೈಯಲ್ಲೂ ಕೂಡಿಸಿ ತಾಳೆ ನೋಡು. ಮಳೆ ಜಾಸ್ತಿ ಇರುವ ಒಂದು ತಿಂಗಳು, ಏನೂ ಬಾರದ ಒಂದು ತಿಂಗಳು, ಖಾಲಿ ದಿನ ಇರುವ ಒಂದು ತಿಂಗಳು, ಈ ಮೂರೂ ಸರಿ ಬಂದರೆ ಧೈರ್ಯವಾಗಿ ತೋರಿಸು.

ಆಲ್ದೂರು ತೋಟ

1.5 ಬರೆದಿದ್ದಾರಾ ಇಲ್ಲವಾ ಅನ್ನುವುದನ್ನು ಮರೆಯಬೇಡಮ್ಮ. ಮಿಲಿಮೀಟರ್ ಬೇಕಾದರೆ ಇಂಚಿಗೆ 25.4. ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ. ನಿಮ್ಮ ತಾತ ಎಷ್ಟು ಹೊತ್ತಿಗೆ ನೋಡುತ್ತಿದ್ದರು ಅಂತಲೂ ಕೇಳಿ ಬರೆದಿಡು. ಬೇರೆ ಕಡೆಯ ಲೆಕ್ಕದ ಜೊತೆ ಹೋಲಿಸುವಾಗ ಬೇಕಾಗುತ್ತದೆ.

ಬಾಳ್ಳುಪೇಟೆ ಬಿಸಿಎ

ಈಗಷ್ಟೇ ನೋಡಿದೆ ಅಂಕಲ್, ನಮ್ಮ ಪುಸ್ತಕದಲ್ಲೂ ಹಳೆಯ ಪುಟಗಳಲ್ಲಿ 1.5, 2.8 ಅಂತ ಇದೆ. ಹೊಸ ಪುಟಗಳಲ್ಲಿ 1.05 ಅಂತ ಇದೆ. ಬರೆದವರು ಬೇರೆ ಬೇರೆ, ಅಕ್ಷರವೂ ಬೇರೆ. ಇಂಥ ದಿನಗಳನ್ನು ಪ್ರೋಗ್ರಾಂ ತಾನೇ ಹುಡುಕಿಕೊಡಬಹುದಾ?

ಲ್ಯಾಬ್ ಮೇಡಂ, ಚಿಕ್ಕಮಗಳೂರು

ಕೊಡಬಹುದು. ಚುಕ್ಕಿಯ ಹತ್ತಿರ ಸ್ಪ್ಲಿಟ್ ಮಾಡುತ್ತಿದ್ದೀಯಲ್ಲ, ಬಲಗಡೆಯ ತುಂಡಿನ ಉದ್ದ ಒಂದೇ ಇದ್ದರೆ ಅದು ಅನುಮಾನದ ದಿನ. ಅದನ್ನು ಪ್ರೋಗ್ರಾಮಿನಲ್ಲೇ ತಿದ್ದಲು ಹೋಗಬೇಡ. ತಾರೀಕಿನ ಸಮೇತ ಬೇರೆ ಪಟ್ಟಿಗೆ ಸೇರಿಸು. ಫ್ಲೋಟ್ ಮಾಡಿದ ಮೇಲೆ 1.5 ಮತ್ತು 1.50 ಒಂದೇ ಆಗಿಬಿಡುತ್ತವೆ, ಆದ್ದರಿಂದ ಸ್ಟ್ರಿಂಗ್ ಇರುವಾಗಲೇ ಈ ಪರೀಕ್ಷೆ ಮಾಡು. ಇಫ್ ಹೇಗೆ ಬರೆಯಬೇಕು ಅಂತ ನೀನೇ ನೋಡು, ಸಿಕ್ಕಿಹಾಕಿಕೊಂಡರೆ ಇಲ್ಲಿ ಹಾಕು.

ಬಾಳ್ಳುಪೇಟೆ ಬಿಸಿಎ

ಬಂತು ಮೇಡಂ! ತಾರೀಕಿನ ಜೊತೆ ಪಟ್ಟಿ ಬಂತು. ಪ್ರಿಂಟ್ ತೆಗೆದುಕೊಂಡು ಶನಿವಾರ ಊರಿಗೆ ಹೋಗುತ್ತೇನೆ, ತಾತನ ಹತ್ತಿರ ಒಂದೊಂದೇ ಕೇಳಿ ತಿದ್ದುತ್ತೇನೆ. ಶುಕ್ರವಾರಕ್ಕೆ ಹೊಸ ಪುಟಗಳ ಲೆಕ್ಕ ಮಾತ್ರ ತೋರಿಸುತ್ತೇನೆ, ಹಳೆಯದನ್ನು ಇನ್ನೂ ಪರಿಶೀಲಿಸಬೇಕು ಅಂತ ಅದರಲ್ಲೇ ಬರೆದಿದ್ದೇನೆ.